ಹಳೆಯ ತಟ್ಟೆಗಳ ಅಂಗಡಿಯಲ್ಲಿ

ಹಳೆಯ ಪುಸ್ತಕದಂಗಡಿಯಲ್ಲಿ ಹೊತ್ತು ಕಳೆಯುವ ಸುಖವನ್ನು ಬಣ್ಣಿಸಿದವರು ಅನೇಕರಿದ್ದಾರೆ. ಅದರ ಒಡಹುಟ್ಟಿನಂತಿರುವ ಇನ್ನೊಂದು ಸುಖಕ್ಕೆ ಆ ಭಾಗ್ಯ ಅಷ್ಟಾಗಿ ದೊರೆತಿಲ್ಲ. ಅದು ಗ್ರಾಮಫೋನ್ ತಟ್ಟೆಗಳ ಅಂಗಡಿಯಲ್ಲಿ, ಕೊಳ್ಳಲೇಬೇಕೆಂಬ ಆತುರವಿಲ್ಲದೆ, ಒಂದೊಂದನ್ನೇ ಸರಿಸಿ ನೋಡುತ್ತ ನಿಲ್ಲುವ ಸುಖ.

ಕೋಲ್ಕತ್ತದ ಫ್ರೀ ಸ್ಕೂಲ್ ಸ್ಟ್ರೀಟ್, ಅಂದರೆ ಇಂದಿನ ಮಿರ್ಜಾ ಗಾಲಿಬ್ ಬೀದಿ, ಇಂಥ ಸಣ್ಣ ಅಂಗಡಿಗಳಿಗೆ ಹೆಸರಾದುದು. ಅಲ್ಲಿ ಕಿವಿಗಿಂತ ಮೊದಲು ಬೆರಳಿಗೆ ಕೆಲಸ. ಭಾರವಾಗಿ, ಗಡುಸಾಗಿ ತೋರಿದರೆ ಅದು ಅರಗಿನ ತಟ್ಟೆ. ನಿಮಿಷಕ್ಕೆ 78 ಸುತ್ತು, ಮಗ್ಗುಲೊಂದಕ್ಕೆ ಸುಮಾರು ಮೂರೂವರೆ ನಿಮಿಷದ ಹಾಡು. ಹಗುರವಾಗಿ ಬಳುಕಿದರೆ, 1948ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಲಾಂಗ್ ಪ್ಲೇ. ಅದರ ಮಗ್ಗುಲೊಂದರಲ್ಲಿ ಇಪ್ಪತ್ತು ನಿಮಿಷಕ್ಕೂ ಮಿಕ್ಕು ಸಂಗೀತ ಹಿಡಿಯುತ್ತದೆ. ಮೊದಲಿನದರಲ್ಲಿ ಗಾಯಕನು ರಾಗದ ಸಾರವನ್ನು ಹಿಂಡಿ ಕೊಡಬೇಕು. ಎರಡನೆಯದರಲ್ಲಿ ಅದನ್ನು ಹರಿಯಬಿಡಬಹುದು. ಎರಡನ್ನೂ ಅಕ್ಕಪಕ್ಕದಲ್ಲಿ ಹಿಡಿದಾಗ, ಯಂತ್ರವು ನಮ್ಮ ಸಂಗೀತಕ್ಕೆ ಹಾಕಿದ ಅಳತೆ ಮನವರಿಕೆಯಾಗುತ್ತದೆ.

ಹುಡುಕುವವನಿಗೆ ಹುಡುಕಿದ್ದೇ ಸಿಗಬೇಕೆಂದಿಲ್ಲ. ಸಿನಿಮಾ ಹಾಡನ್ನರಸಿ ಬಂದವನಿಗೆ ಗೌಹರ್ ಜಾನ್ ಎದುರಾಗಬಹುದು. 1902ರಲ್ಲಿ ಅಂದಿನ ಕಲ್ಕತ್ತೆಯಲ್ಲಿ ಫ್ರೆಡ್ ಗೈಸ್‌ಬರ್ಗ್ ಮುದ್ರಿಸಿಕೊಂಡ ಕಂಠ ಅದು. ಹಾಡು ಮುಗಿದೊಡನೆ ಆಕೆ ತಮ್ಮ ಹೆಸರನ್ನು ತಾವೇ ಇಂಗ್ಲಿಷಿನಲ್ಲಿ ಸಾರುತ್ತಾರೆ. ತಟ್ಟೆಗಳು ಅಚ್ಚಾಗುತ್ತಿದ್ದುದು ದೂರದ ಜರ್ಮನಿಯಲ್ಲಿ. ಹಾಡಿದವರಾರೆಂದು ಅಲ್ಲಿಯವರಿಗೆ ತಿಳಿಯಲೆಂದು ಈ ಏರ್ಪಾಡು ಎನ್ನುತ್ತಾರೆ. ಆಕೆ ಕೊನೆಗೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲಿಯೇ ಕಣ್ಮುಚ್ಚಿದರು. ಅದನ್ನು ನೆನೆದಾಗ, ಬಂಗಾಳದ ಧೂಳಿನಲ್ಲಿ ಸಿಕ್ಕ ತಟ್ಟೆ ನಮ್ಮ ಮನೆಯ ಒಡವೆಯೇ ಎನಿಸುತ್ತದೆ.

ಮುಂಬಯಿಯ ರಿದಂ ಹೌಸಿನಲ್ಲಿ ಗಿರಾಕಿಗಳು ಕೊಳ್ಳುವ ಮುನ್ನ ಕೇಳಿ ನೋಡಲೆಂದೇ ಪುಟ್ಟ ಗೂಡುಗಳಿದ್ದವು. 2016ರಲ್ಲಿ ಅದು ಬಾಗಿಲು ಮುಚ್ಚಿತು. ಬೇಕಾದ ಹಾಡು ಅಂಗೈಯ ಫೋನಿನಲ್ಲೇ ದೊರೆಯುವಾಗ ಅಂಗಡಿಯೇಕೆ ಎಂದು ಕೇಳುವುದು ಸಹಜ. ಆದರೆ ಬೇಕಾದುದನ್ನು ಕೇಳಬೇಕಾದರೆ ಅದರ ಹೆಸರು ಗೊತ್ತಿರಬೇಕು. ಲೋಕವೇ ಹೆಸರು ಮರೆತ ಹಾಡುಗಾರರನ್ನು ಕರೆಯುವವರಾರು? ಅರಗಿನ ತಟ್ಟೆ ಕೈಜಾರಿದರೆ ಒಡೆಯುತ್ತದೆ. ಬೇರೆ ಪ್ರತಿ ಎಲ್ಲಿಯೂ ಉಳಿದಿರದಿದ್ದರೆ ಅದರೊಡನೆ ಆ ಹಾಡೂ ಅಳಿಯುತ್ತದೆ. ಯಾರೂ ಬಯಸದ ತಟ್ಟೆಯನ್ನು ಎಸೆಯದೆ, ಇಂದಲ್ಲ ನಾಳೆ ಒಬ್ಬ ಬಂದಾನೆಂದು ಕಪಾಟಿನಲ್ಲಿ ಕಾದಿಡುವ ವ್ಯಾಪಾರಿ, ತನಗರಿವಿಲ್ಲದೆಯೇ ನಮ್ಮ ಭಂಡಾರದ ಕಾವಲುಗಾರ.

ಅಂಥ ಅಂಗಡಿ ಕಂಡಾಗ ಬಿಡುವು ಮಾಡಿಕೊಂಡು ಒಳಹೊಕ್ಕು ನೋಡಬೇಕು. ಬರಿಗೈಯಲ್ಲಿ ಮರಳಿದರೂ ನಷ್ಟವಿಲ್ಲ. ಆದರೂ ಆಗೀಗ ಒಂದು ತಟ್ಟೆಯನ್ನಾದರೂ ಕೊಳ್ಳುವುದು ಲೇಸು. ರಸಿಕರ ಮೆಚ್ಚುಗೆಯೊಂದರಿಂದಲೇ ಅಂಗಡಿಯ ಬಾಡಿಗೆ ಸಲ್ಲುವುದಿಲ್ಲ.