ಹಳದಿ ಕಲ್ಲುಗಳ ದಡ

ಕೆರಿಬಿಯನ್ ಸಮುದ್ರದ ದಕ್ಷಿಣ ಅಂಚಿನಲ್ಲಿ, ವೆನೆಜುವೆಲಾ ಕರಾವಳಿಯಿಂದ ಸುಮಾರು 80 ಕಿಲೋಮೀಟರ್ ಆಚೆ, ಬೊನೇರ್ ಎಂಬ ಡಚ್ಚರ ದ್ವೀಪವಿದೆ. ಅದರ ಪಶ್ಚಿಮ ದಂಡೆಯ ರಸ್ತೆಯಲ್ಲಿ ಹೊರಟರೆ ಬದಿಯಲ್ಲಿ ಆಗಾಗ ಹಳದಿ ಬಣ್ಣ ಬಳಿದ ಕಲ್ಲುಗಳು ಕಾಣುತ್ತವೆ. ಕಲ್ಲಿನ ಮೇಲೆ ಒಂದು ಹೆಸರು. ಅಲ್ಲಿ ವಾಹನ ನಿಲ್ಲಿಸಿ, ಗಾಳಿಯ ಸಿಲಿಂಡರ್ ಬೆನ್ನಿಗೇರಿಸಿಕೊಂಡು, ನಡೆದೇ ಸಮುದ್ರಕ್ಕೆ ಇಳಿಯಬಹುದು. ಮುರುಡೇಶ್ವರದಿಂದ ದೋಣಿಯೇರಿ ನೇತ್ರಾಣಿಗೆ ಹೋಗಿ ಡೈವಿಂಗ್ ಮಾಡಿದವರಿಗೆ ಇದು ನಂಬಲಾಗದ ಅನುಕೂಲ ಅನ್ನಿಸೀತು. ದೋಣಿ ಬೇಡ, ದೋಣಿಯವನ ಗಡಿಯಾರಕ್ಕೆ ಕಾಯಬೇಕಿಲ್ಲ. ದಡದಿಂದಲೇ ಇಳಿಯುವ ಇಂಥ ತಾಣಗಳು ಅಲ್ಲಿ ಐವತ್ತಕ್ಕೂ ಹೆಚ್ಚು. ಎಲ್ಲಿ ಇಳಿಯಬೇಕು ಎಂಬುದನ್ನು ಮೊದಲು ಯಾರು ಗೊತ್ತುಮಾಡಿದರು? ಇವತ್ತಿನ ಮಾತು ಅದರ ಬಗ್ಗೆ.

ಮೊದಲು ಗೊತ್ತುಮಾಡಿದ್ದು ಗಾಳಿ. ವರ್ಷದ ಹೆಚ್ಚಿನ ದಿನ ಇಲ್ಲಿ ವಾಣಿಜ್ಯ ಮಾರುತ ಪೂರ್ವದಿಂದ ಬೀಸುತ್ತದೆ. ಹಾಗಾಗಿ ಪೂರ್ವದ ದಡಕ್ಕೆ ಅಲೆಗಳ ಹೊಡೆತ, ಪಶ್ಚಿಮದ ಮರೆಯಲ್ಲಿ ತಿಳಿನೀರು. ಮಳೆಯೂ ಕಡಿಮೆ, ಮಣ್ಣು ಹೊತ್ತು ತರುವ ನದಿಯೂ ಇಲ್ಲ. ಹವಳದ ದಿಬ್ಬ ದಡಕ್ಕೆ ಅಂಟಿಕೊಂಡೇ ಬೆಳೆದಿದೆ. ಸ್ವಲ್ಪ ದೂರ ಆಳವಿಲ್ಲದ ಜಗಲಿ, ಹತ್ತು ಮೀಟರಿನ ಆಸುಪಾಸಿನಲ್ಲಿ ಅಂಚು, ಅಲ್ಲಿಂದ ಹಂಚಿನ ಮಾಡಿನಂತೆ ಇಳಿಜಾರು. ಸ್ನಾರ್ಕೆಲ್ ಕಚ್ಚಿಕೊಂಡವರಿಗೆ ಜಗಲಿ, ಸಿಲಿಂಡರ್ ಹೊತ್ತವರಿಗೆ ಇಳಿಜಾರು. ಎರಡೂ ಒಂದೇ ಕಲ್ಲಿನ ಎದುರಿಗೆ ಸಿಗುತ್ತವೆ.

ಇಂಥ ದ್ವೀಪವನ್ನು ಸ್ಪೇನಿನವರು ಹದಿನಾರನೆಯ ಶತಮಾನದ ಆರಂಭದಲ್ಲಿ ಪ್ರಯೋಜನವಿಲ್ಲದ ದ್ವೀಪಗಳ ಪಟ್ಟಿಗೆ ಸೇರಿಸಿದರು. ಚಿನ್ನ ಇರಲಿಲ್ಲವಲ್ಲ! ಅಲ್ಲಿದ್ದ ಮೂಲನಿವಾಸಿಗಳನ್ನು ಮಾತ್ರ ದುಡಿಮೆಗೆಂದು ಹಿಸ್ಪಾನಿಯೋಲಾಕ್ಕೆ ಸಾಗಿಸಿದರು. 1636ರಲ್ಲಿ ಬಂದ ಡಚ್ಚರಿಗೆ ಒಂದು ಪ್ರಯೋಜನ ಕಂಡಿತು: ಉಪ್ಪು. ಬಿಸಿಲು, ಗಾಳಿ, ದಕ್ಷಿಣದಲ್ಲಿ ಸಮತಟ್ಟಾದ ತಗ್ಗು ನೆಲ. ಉಪ್ಪಿನ ಗದ್ದೆಯಲ್ಲಿ ದುಡಿದವರು ಆಫ್ರಿಕಾ ಮೂಲದ ಗುಲಾಮರು. 1837ರಲ್ಲಿ ದಡದ ಮೇಲೆ ಕೆಂಪು, ಬಿಳಿ, ನೀಲಿ, ಕಿತ್ತಳೆ ಬಣ್ಣದ ನಾಲ್ಕು ಎತ್ತರದ ಕಂಬಗಳನ್ನು ಕಟ್ಟಿದರು. ಯಾವ ಬಣ್ಣದ ಬಾವುಟ ಹಾರಿತೋ ಆ ಕಂಬದ ಎದುರು ಹಡಗು ಬಂದು ಉಪ್ಪು ತುಂಬಿಕೊಳ್ಳಬೇಕು. ಈ ದಡಕ್ಕೆ ಬಣ್ಣದ ಗುರುತು ಹೊಸದಲ್ಲ ನೋಡಿ. ಹಳದಿ ಕಲ್ಲಿಗೆ ಮೊದಲೇ ಇವು ಇದ್ದವು.

1850ರ ಸುಮಾರಿಗೆ ಗುಲಾಮರಿಗಾಗಿ ಕಟ್ಟಿದ, ಬಗ್ಗಿಯೇ ಒಳಗೆ ನುಗ್ಗಬೇಕಾದ ಕಲ್ಲಿನ ಗುಡಿಸಲುಗಳು ಇವತ್ತಿಗೂ ನಿಂತಿವೆ. ಅವರ ಮನೆಮಂದಿ ಇದ್ದದ್ದು ಉತ್ತರದ ರಿಂಕಾನ್ ಊರಿನಲ್ಲಿ. ವಾರಕ್ಕೊಮ್ಮೆ ಗಂಟೆಗಟ್ಟಲೆ ನಡೆದು ಹೋಗಿಬರುತ್ತಿದ್ದರು. ಬಿಡುಗಡೆ ಬಂದದ್ದು 1863ರಲ್ಲಿ. ಆ ಗುಡಿಸಲುಗಳ ಎದುರಿನ ನೀರಿಗೆ ಈಗ ರೆಡ್ ಸ್ಲೇವ್, ವೈಟ್ ಸ್ಲೇವ್ ಎಂಬ ಡೈವಿಂಗ್ ತಾಣಗಳ ಹೆಸರು. ರಜೆ ಕಳೆಯಲು ಬಂದವರು ಆ ಹೆಸರನ್ನು ಡೈರಿಯಲ್ಲಿ ಸಲೀಸಾಗಿ ಬರೆದುಕೊಳ್ಳುತ್ತಾರೆ. ನನಗಂತೂ ಅದು ಅಷ್ಟು ಸಲೀಸಲ್ಲ.

ಮನರಂಜನೆಗೆಂದು ಈ ನೀರಿಗೆ ಇಳಿದ ಮೊದಲಿಗರಲ್ಲಿ ಆಸ್ಟ್ರಿಯದ ಯುವಕ ಹಾನ್ಸ್ ಹಾಸ್ ಒಬ್ಬ. 1939ರಲ್ಲಿ ಇಬ್ಬರು ಗೆಳೆಯರ ಜೊತೆ ಪಕ್ಕದ ದ್ವೀಪ ಕ್ಯೂರಸಾವ್ ಮತ್ತು ಬೊನೇರ್‌ಗೆ ಬಂದ. ಕೈಯಲ್ಲಿ ಈಟಿ, ಜೊತೆಗೆ ಕ್ಯಾಮೆರಾ. ಸಿಲಿಂಡರಿನ ಗಾಳಿಯನ್ನು ನೀರೊಳಗೆ ಉಸಿರಾಡಲು ಕೊಡುವ, ಫ್ರಾನ್ಸಿನ ಕೂಸ್ತೋ ಮತ್ತು ಗಾಂಯಾ ಅವರ ಆಕ್ವಾಲಂಗ್ ಬಂದದ್ದು 1943ರಲ್ಲಿ, ಆದ್ದರಿಂದ ಇವರದ್ದೆಲ್ಲ ಉಸಿರು ಕಟ್ಟಿ ಮುಳುಗುವ ಸಾಹಸ. ಅಷ್ಟರಲ್ಲಿ ಯುರೋಪಿನಲ್ಲಿ ಯುದ್ಧ ಸಿಡಿದು, ಬಂದ ದಾರಿ ಮುಚ್ಚಿತು. ಅಮೆರಿಕ, ಜಪಾನ್, ಸೈಬೀರಿಯ ಸುತ್ತಿ ಮನೆ ಸೇರಿದರು.

ಬಳಿಕ 1962ರಲ್ಲಿ ವ್ಯಾಲೆರಿ ಕ್ವೀನ್ ಎಂಬ ಹಾಯಿಹಡಗಿನಲ್ಲಿ ಬಂದವನು ಅಮೆರಿಕದ ಡಾನ್ ಸ್ಟುವರ್ಟ್. ದ್ವೀಪದವರ ಬಾಯಲ್ಲಿ ಕ್ಯಾಪ್ಟನ್ ಡಾನ್. ಶುರುವಿನಲ್ಲಿ ಅವನೂ ಈಟಿ ಹಿಡಿದವನೇ. ಅಕ್ವೇರಿಯಮ್‌ಗಳಿಗೆ ಮೀನು ಹಿಡಿದು ಮಾರಿದವನು. ಆದರೆ ದಿನವೂ ಅದೇ ದಿಬ್ಬಕ್ಕೆ ಇಳಿಯುವವನಿಗೆ ನಿನ್ನೆ ಇದ್ದದ್ದು ಇವತ್ತು ಇಲ್ಲ ಎಂಬ ಲೆಕ್ಕ ಬೇಗ ಸಿಗುತ್ತದೆ. ಈಟಿಗಾರನೇ ಕಾವಲುಗಾರನಾದ. 1971ರಲ್ಲಿ ಈಟಿ ಮೀನುಗಾರಿಕೆ ನಿಷೇಧವಾಯಿತು. 1975ರಲ್ಲಿ ಹವಳ ಕೀಳುವುದು, ಸತ್ತ ಹವಳ ಹೆಕ್ಕುವುದೂ ಅಪರಾಧವಾಯಿತು. ಲಂಗರು ಹವಳವನ್ನು ಪುಡಿ ಮಾಡದಂತೆ ದೋಣಿ ಕಟ್ಟಲು ಕಾಯಂ ಬೋಯಾಗಳನ್ನು ಹಾಕುವ ಕೆಲಸಕ್ಕೂ ಮುಂದೆ ನಿಂತವನು ಅವನೇ. 1979ರಲ್ಲಿ, ಟಾಮ್ ವಾನ್ಟ್ ಹಾಫ್ ಎಂಬ ಡಚ್ ಜೀವವಿಜ್ಞಾನಿಯ ನೇತೃತ್ವದಲ್ಲಿ, ಇಡೀ ದ್ವೀಪದ ಸುತ್ತಲಿನ ಸಮುದ್ರ, ಭರತದ ಗೆರೆಯಿಂದ 60 ಮೀಟರ್ ಆಳದವರೆಗೆ, ಸಂರಕ್ಷಿತ ಉದ್ಯಾನವಾಯಿತು.

ಆದರೆ ಹಣ ಮುಗಿಯಿತು. ಎಂಬತ್ತರ ದಶಕದ ಮಧ್ಯದಿಂದ ಕೆಲವು ವರ್ಷ ಉದ್ಯಾನ ಕಾಗದದ ಮೇಲಷ್ಟೇ ಇತ್ತು. ಮತ್ತೆ ಜೀವ ಬಂದದ್ದು 1992ರಲ್ಲಿ, ಡೈವಿಂಗ್ ಮಾಡುವ ಪ್ರತಿಯೊಬ್ಬರಿಂದ ವರ್ಷಕ್ಕೆ 10 ಡಾಲರ್ ವಸೂಲು ಮಾಡಲು ತೊಡಗಿದಾಗ. ಬಂದವರು ತಕರಾರಿಲ್ಲದೆ ಕೊಟ್ಟರು. ಆಗಲೇ ನಡೆದ ಒಂದು ಅಧ್ಯಯನದ ಅಂದಾಜು ಗಮನಿಸುವಂಥದ್ದು: ಒಂದು ತಾಣ ವರ್ಷಕ್ಕೆ 4000ದಿಂದ 6000 ಡೈವ್‌ಗಳನ್ನು ತಾಳಿಕೊಳ್ಳಬಹುದು, ಮೀರಿದರೆ ಹವಳ ಸವೆಯುತ್ತದೆ. ಯಾವ ತಾಣ ಚೆಂದ ಎಂದು ಕೇಳುವವರು ಸಾಮಾನ್ಯವಾಗಿ ಈ ಸಂಖ್ಯೆಯನ್ನು ಕೇಳುವುದಿಲ್ಲ. ಎಲ್ಲರೂ ಹೊಗಳುವ ಕಲ್ಲಿನ ಮುಂದೆ ವಾಹನಗಳ ಸಾಲು ಕಂಡರೆ ಮುಂದಿನ ಕಲ್ಲಿಗೆ ಹೋಗುವುದೇ ಜಾಣತನ. ನೀರೊಳಗೆ ಎರಡಕ್ಕೂ ಅಂಥ ವ್ಯತ್ಯಾಸವೇನೂ ಇರುವುದಿಲ್ಲ.

ಆರಿಸಿಕೊಳ್ಳುವುದು ಹೇಗೆ? ದಕ್ಷಿಣದ ತುದಿಯಲ್ಲಿ ಸೆಳೆತ ಜೋರು, ಹೊಸಬರಿಗಲ್ಲ. ಉತ್ತರದಲ್ಲಿ ‘ಸಾವಿರ ಮೆಟ್ಟಿಲು’ ಎಂಬ ತಾಣ. ನಿಜಕ್ಕೂ ಇರುವುದು ಎಪ್ಪತ್ತರ ಒಳಗೆ, ಆದರೆ ಒದ್ದೆ ಮೈಯಲ್ಲಿ ಸಿಲಿಂಡರ್ ಹೊತ್ತು ಹತ್ತಿದವರು ಹೆಸರನ್ನು ಪ್ರಶ್ನಿಸುವುದಿಲ್ಲ. ಉಪ್ಪು ತುಂಬುವ ಕಟ್ಟೆಯ ಕಂಬಗಳ ನಡುವೆ ಮೀನುಗಳ ಸಂತೆ, ಆದರೆ ಹಡಗು ನಿಂತಿದ್ದರೆ ಅಲ್ಲಿ ಇಳಿಯುವಂತಿಲ್ಲ. ಕಾಲಿಗೆ ಗಟ್ಟಿ ಅಡಿಯ ಬೂಟು ಬೇಕೇ ಬೇಕು. ದಡ ಎಂದರೆ ಮರಳಲ್ಲ, ಮುರಿದ ಹವಳದ ಚೂರುಗಳು.

ಹಿಲ್ಮಾ ಹೂಕರ್ ಕತೆ ಹೇಳದಿದ್ದರೆ ಬೊನೇರ್ ಮಾತು ಮುಗಿಯದು. 1984ರಲ್ಲಿ ಎಂಜಿನ್ ಕೆಟ್ಟ ಈ ಸರಕು ಹಡಗನ್ನು ಎಳೆದು ತಂದರು. ತಪಾಸಣೆಯಲ್ಲಿ ಸುಳ್ಳು ಗೋಡೆಯ ಹಿಂದೆ ಸುಮಾರು 11 ಟನ್ ಗಾಂಜಾ! ಮಾಲೀಕರ ಸುಳಿವಿಲ್ಲ. ಹಡಗಿನ ತಳ ಸೋರುತ್ತಿತ್ತು. ಕಟ್ಟೆಯಿಂದ ದೂರ ಸರಿಸಿ ನಿಲ್ಲಿಸಿದರು. ಸೆಪ್ಟೆಂಬರ್ 12ರಂದು ಅದು ಎರಡು ಹವಳದ ಸಾಲುಗಳ ನಡುವೆ, 30 ಮೀಟರ್ ಆಳದಲ್ಲಿ, ಬಲಮಗ್ಗುಲಾಗಿ ಮಲಗಿತು. ಡೈವಿಂಗ್ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಕ್ಕುವಂತಿರಲಿಲ್ಲ. ಅದು ತಾನಾಗಿ ಮುಳುಗಿತೋ, ಯಾರಾದರೂ ಮುಳುಗಲು ಬಿಟ್ಟರೋ ಎಂಬ ಗುಸುಗುಸು ಇವತ್ತಿಗೂ ನಿಂತಿಲ್ಲ.

ಅದೇ ದಶಕದಲ್ಲಿ ನೀರೊಳಗೆ ಬೇರೊಂದು ಅನಾಹುತ ನಡೆದಿತ್ತು. ಹವಳದ ಮೇಲಿನ ಪಾಚಿ ತಿಂದು ಚೊಕ್ಕಟ ಮಾಡುವ ಕಪ್ಪು ಮುಳ್ಳಿನ ಕಡಲಚೆಂಡುಗಳು 1983ರಲ್ಲಿ ಪನಾಮಾದಿಂದ ಶುರುವಾದ ರೋಗಕ್ಕೆ ಕೆರಿಬಿಯನ್ ತುಂಬ ಸತ್ತವು. ಜಗಲಿಯ ಮೇಲಿನ ಕೊಂಬಿನ ಹವಳಗಳಿಗೂ ರೋಗ ಹತ್ತಿತು. ನವೆಂಬರ್ 1999ರಲ್ಲಿ ಲೆನ್ನಿ ಚಂಡಮಾರುತ ವಾಡಿಕೆಗೆ ವಿರುದ್ಧವಾಗಿ ಪಶ್ಚಿಮದಿಂದ ಪೂರ್ವಕ್ಕೆ ಸಾಗಿ, ಮರೆಯ ದಡವನ್ನೇ ಎದುರು ದಡವಾಗಿಸಿ, ಆಳವಿಲ್ಲದ ದಿಬ್ಬಗಳನ್ನು ಒಡೆದು ಹಾಕಿತು. ಹೆಚ್ಚು ಕಳೆದುಕೊಂಡವರು ಸ್ನಾರ್ಕೆಲ್‌ನವರು. ಅವರಿಗೆ ಜಗಲಿ ಬಿಟ್ಟರೆ ಬೇರೆ ಇಲ್ಲ. ಅದೇ ವರ್ಷದ ಕೊನೆಯಲ್ಲಿ, ಒಂದು ಶತಮಾನಕ್ಕೂ ಹೆಚ್ಚು ಕಾಲ ಖಾಸಗಿಯವರ ಸ್ವತ್ತಾಗಿದ್ದ ಪಕ್ಕದ ಕ್ಲೈನ್ ಬೊನೇರ್ ದ್ವೀಪವನ್ನು ಸರ್ಕಾರ ಕೊಂಡುಕೊಂಡದ್ದು ಅವರ ಪಾಲಿಗೆ ಒಳ್ಳೆಯ ಸುದ್ದಿ. ಅಲ್ಲಿನ ನಿರ್ಜನ ತೀರಕ್ಕೆ ದೋಣಿಯಲ್ಲಿ ಹೋಗಿ ನೀರಿಗಿಳಿದರೆ ಸೆಳೆತವೇ ದಿಬ್ಬದ ಉದ್ದಕ್ಕೂ ತೇಲಿಸಿಕೊಂಡು ಹೋಗುತ್ತದೆ.

2023ರ ಮಾರ್ಚ್‌ನಲ್ಲಿ ಗಟ್ಟಿ ಹವಳಗಳ ಅಂಗಾಂಶ ಕರಗಿಸುವ ರೋಗ ಬೊನೇರ್‌ನಲ್ಲಿ ಕಾಣಿಸಿಕೊಂಡಿತು. ಕೆಲವು ತಾಣಗಳನ್ನು ತಾತ್ಕಾಲಿಕವಾಗಿ ಮುಚ್ಚಿದರು. ಅಲ್ಲಿಂದೀಚೆಗೆ ತಾಣ ಆರಿಸುವವರು ಗಾಳಿ, ಸೆಳೆತಗಳ ಜೊತೆಗೆ ಮೊದಲು ಯಾವುದು, ಆಮೇಲೆ ಯಾವುದು ಎಂದೂ ಯೋಚಿಸಬೇಕಾಗಿದೆ. ಆರೋಗ್ಯವಾಗಿರುವ ದಿಬ್ಬ ಮೊದಲು, ರೋಗ ತಗುಲಿದ್ದು ದಿನದ ಕೊನೆಗೆ. ಒಂದರಿಂದ ಇನ್ನೊಂದಕ್ಕೆ ಹೋಗುವ ಮುನ್ನ ಮುಖವಾಡ, ಬೂಟು, ಜಾಕೆಟ್ ಎಲ್ಲವನ್ನೂ ಸೋಂಕುನಾಶಕದಲ್ಲಿ ಅದ್ದಿ ತೆಗೆಯಬೇಕು.