ಕಾಲೇಜಿನ ಒಂದು ವರ್ಷ, ಓದಿ ಬಂದವರ ಪಾಲಿನ ಕೆಲಸ



ವಾರ್ಷಿಕೋತ್ಸವ ಅಂದ್ರೆ ಈ ವರ್ಷ ಯಾರು ಡಿಗ್ರಿ ಮುಗಿಸಿದರು, ಯಾರಿಗೆ ಕೆಲಸ ಸಿಕ್ಕಿತು ಅಂತ ಹೆಸರು ಓದಿ ಶಾಲು ಹೊದಿಸೋದು ವಾಡಿಕೆ. ಹೊದಿಸೋಣ, ಬೇಡ ಅನ್ನೋದಿಲ್ಲ. ಆದರೆ ಕಾಲೇಜಿಗೆ ಸೇರಿ ಅರ್ಧಕ್ಕೇ ಬಿಟ್ಟ ಹುಡುಗನ ಹೆಸರು ಆ ಪಟ್ಟಿಯಲ್ಲಿ ಇರೋದಿಲ್ಲ. ಅವನ ಸುದ್ದಿಯೂ ನಮ್ಮ ಸುದ್ದಿಯೇ.

"ಬಿ.ಎ. ಓದಿ ಏನು ಮಾಡ್ತೀಯ?" ಅಂತ ಕೇಳೋರು ಬಹಳ. ಬಾಬಾಸಾಹೇಬರು ಓದಿದ್ದೂ ಬಿ.ಎ.ನೇ. ಅರ್ಥಶಾಸ್ತ್ರ, ರಾಜಕೀಯಶಾಸ್ತ್ರ ಓದಿ ಮುಂಬಯಿಯಲ್ಲಿ 1912ರಲ್ಲಿ ಪದವಿ ಪಡೆದರು. ಬರೋಡ ಮಹಾರಾಜರ ವಿದ್ಯಾರ್ಥಿವೇತನ ಸಿಕ್ಕಿದ್ದಕ್ಕೆ 1913ರಲ್ಲಿ ಕೊಲಂಬಿಯಾಕ್ಕೆ ಹೋದರು. ತಾವು ಓದಿ ಸುಮ್ಮನಾಗಲಿಲ್ಲ. 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ ಕಟ್ಟಿ, 1946ರಲ್ಲಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು, 1950ರಲ್ಲಿ ಔರಂಗಾಬಾದಿನಲ್ಲಿ ಮಿಲಿಂದ್ ಕಾಲೇಜು ತೆರೆದರು. ಮರಾಠಿ ದಲಿತ ಸಾಹಿತ್ಯ ಬೆಳೆದ ನೆಲಗಳಲ್ಲಿ ಮಿಲಿಂದ್ ಕೂಡ ಒಂದು. ಹಳೆಯ ವಿದ್ಯಾರ್ಥಿ ಅಂದ್ರೆ ಹೀಗಿರಬೇಕು.

ನಾವು ಕಾಲೇಜು ಕಟ್ಟಬೇಕಾಗಿಲ್ಲ. ಕೃಷ್ಣಗಿರಿಯಲ್ಲಿ, ಹೊಸೂರಲ್ಲಿ ಸರ್ಕಾರಿ ಆರ್ಟ್ಸ್ ಕಾಲೇಜುಗಳಿವೆ. ಅಲ್ಲಿನ ಒಂದು ವರ್ಷವನ್ನು ನಮ್ಮ ಮಕ್ಕಳು ದಾಟೋ ಹಾಗೆ ನೋಡಿಕೊಂಡರೆ ಸಾಕು.

ಮೇ ತಿಂಗಳು. ಪ್ಲಸ್ ಟೂ ಫಲಿತಾಂಶದ ಜೊತೆಗೇ ಅರ್ಜಿ ಶುರು, ಎಲ್ಲಾ ಆನ್‌ಲೈನು. ಆಗ ಜಾತಿ ಸರ್ಟಿಫಿಕೇಟಿಗೆ ಓಡಾಡಿದರೆ ತಡವಾಯಿತು ಅಂತಲೇ ಲೆಕ್ಕ. ತಮಿಳುನಾಡಿನಲ್ಲಿ ಪರಿಶಿಷ್ಟ ಜಾತಿಗೆ ಶೇ. 18 ಮೀಸಲಾತಿ. ಅದರೊಳಗೆ 2009ರಿಂದ ಅರುಂಧತಿಯರ್ ಗುಂಪಿಗೆ ಶೇ. 3 ಒಳಮೀಸಲಾತಿ ಇದೆ. ಮಾದಿಗರೂ ಆ ಗುಂಪಿಗೇ ಸೇರಿದವರು. ಸರ್ಟಿಫಿಕೇಟಲ್ಲಿ ಜಾತಿಯ ಹೆಸರು ಸರಿಯಾಗಿ ಇದೆಯಾ ಅಂತ ಈಗಲೇ ತೆಗೆದು ನೋಡಿ.

ಗಡಿಯವರು ಇನ್ನೊಂದು ಮಾತು ನೆನಪಿಡಿ. ಪರಿಶಿಷ್ಟ ಜಾತಿಯ ಸವಲತ್ತು ನಮ್ಮ ರಾಜ್ಯದ್ದು ನಮಗೆ. ಬೆಂಗಳೂರಿನ ಕಾಲೇಜಿಗೆ ಸೇರಿದರೆ ಕರ್ನಾಟಕದ ಮೀಸಲಾತಿ ನಮಗೆ ಬರೋದಿಲ್ಲ. ಆದರೆ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ ಹೊರರಾಜ್ಯದಲ್ಲಿ ಓದಿದರೂ ಸ್ವಂತ ರಾಜ್ಯವೇ ಕೊಡಬೇಕು. ಮನೆಯ ವಾರ್ಷಿಕ ವರಮಾನ ಎರಡೂವರೆ ಲಕ್ಷದ ಒಳಗಿರಬೇಕು. ಸರ್ಕಾರಿ ಶಾಲೆಯಲ್ಲಿ ಆರರಿಂದ ಪ್ಲಸ್ ಟೂವರೆಗೆ ಓದಿದ ಹೆಣ್ಣುಮಕ್ಕಳಿಗೆ ತಿಂಗಳಿಗೆ 1000 ರೂಪಾಯಿ ಕೊಡೋ 'ಪುದುಮೈ ಪೆಣ್' 2022ರಲ್ಲಿ ಬಂತು. ಗಂಡುಮಕ್ಕಳಿಗೆ 'ತಮಿಳ್ ಪುದಲ್ವನ್' 2024ರಲ್ಲಿ ಬಂತು. ಆ ಶಾಲೆ ತಮಿಳುನಾಡಿನದಾಗಿರಬೇಕು. ಹತ್ತಿರ ಅಂತ ಗಡಿ ಆಚೆ ಶಾಲೆಗೆ ಸೇರಿಸೋ ಮೊದಲು ಇದನ್ನೂ ಯೋಚಿಸಿ.

ಮಳೆಗಾಲ ಬಂತು, ಕ್ಲಾಸು ಶುರುವಾಯಿತು. ಕನ್ನಡದಲ್ಲಿ ಓದಿ ಬಂದ ಮಗುವಿಗೆ ಮೇಷ್ಟ್ರು ತಮಿಳಲ್ಲೋ ಇಂಗ್ಲಿಷಲ್ಲೋ ಪಾಠ ಹೇಳ್ತಾರೆ. ಅರ್ಥ ಆಗಲಿಲ್ಲ ಅಂತ ಕೈ ಎತ್ತೋಕೆ ಸಂಕೋಚ. ನವೆಂಬರ್ ಹೊತ್ತಿಗೆ ಮೊದಲ ಸೆಮಿಸ್ಟರ್ ಪರೀಕ್ಷೆ, ಎರಡು ಪೇಪರ್ ಅರಿಯರ್. ಅಷ್ಟರಲ್ಲಿ ಸಿಪ್‌ಕಾಟ್‌ನಲ್ಲಿ ಕಾಂಟ್ರಾಕ್ಟ್ ಕೆಲಸ ಇದೆ ಅಂತ ಗೆಳೆಯ ಕರೀತಾನೆ. ಮನೆಯಲ್ಲಿ ಸಾಲ ಇದೆ. ಹುಡುಗ ಹೋಗ್ತಾನೆ. ಅವನನ್ನು ಸೋಮಾರಿ ಅನ್ನಬೇಡಿ. ಆ ಎರಡು ಪೇಪರನ್ನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಬಿಡಿಸಿ ಹೇಳೋ ಒಬ್ಬ ಅಣ್ಣ ಇದ್ದಿದ್ದರೆ ಉಳೀತಿದ್ದ.

ಆ ಅಣ್ಣ, ಆ ಅಕ್ಕ ನೀವೇ. ಡಿಗ್ರಿ ಮುಗಿಸಿದ ಒಬ್ಬೊಬ್ಬರೂ ಇಬ್ಬರು ಮಕ್ಕಳನ್ನು ಹಿಡಿದುಕೊಳ್ಳಿ. ಮೇ ತಿಂಗಳಲ್ಲಿ ಅರ್ಜಿ ತುಂಬಿಸಿ. ಹಳೆ ಪುಸ್ತಕ, ನೋಟ್ಸು ಮಾರಬೇಡಿ, ಸಂಘಕ್ಕೆ ಕೊಡಿ. ಭಾನುವಾರ ಎರಡು ಗಂಟೆ ಕೂತು ಪಾಠ ಹೇಳಿ. ಸ್ಕಾಲರ್‌ಶಿಪ್ ದುಡ್ಡು ಬಂತಾ, ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿದೆಯಾ ಅಂತ ಕೇಳಿ. ಒಂದು ವಾರ ಕಾಲೇಜಿಗೆ ಹೋಗಲಿಲ್ಲ ಅಂದ್ರೆ ಮನೆಗೇ ಹೋಗಿ ವಿಚಾರಿಸಿ. ಬಿಟ್ಟವರಿಗೂ ಬಾಗಿಲು ಮುಚ್ಚಿಲ್ಲ. ಅರಿಯರ್ ಕಟ್ಟಬಹುದು, ಅಂಚೆ ಶಿಕ್ಷಣದಲ್ಲಿ ಓದಬಹುದು.

ಸಂಘದಲ್ಲಿ ಒಂದು ನೋಟ್‌ಬುಕ್ ಇಡೋಣ. ಈ ವರ್ಷ ಸೇರಿದವರು ಯಾರು, ಏಪ್ರಿಲ್ ಪರೀಕ್ಷೆ ಬರೆದವರು ಯಾರು, ನಡುವೆ ನಿಂತವರು ಯಾರು, ಅವರ ಜೊತೆ ಯಾರು ಮಾತಾಡಿದರು, ಎಲ್ಲಾ ಬರೆಯೋಣ. ಮುಂದಿನ ವಾರ್ಷಿಕೋತ್ಸವದಲ್ಲಿ ಶಾಲು ಹೊದಿಸೋ ಮುಂಚೆ ಆ ನೋಟ್‌ಬುಕ್ ಓದೋಣ. ಇವತ್ತು ಊಟಕ್ಕೆ ಏಳೋ ಮೊದಲೇ ಕಾರ್ಯದರ್ಶಿ ಹತ್ತಿರ ನಿಮ್ಮ ಹೆಸರು, ನಿಮ್ಮ ಪಾಲಿನ ಆ ಇಬ್ಬರ ಹೆಸರು ಬರೆಸಿ. ಜೈ ಭೀಮ್.