ಹುಟ್ಟಿನ ದೋಷಕ್ಕೆ ಊಟದ ಪಥ್ಯ

(ಸಂಘದ ಆರೋಗ್ಯ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಮಗು ಹೊತ್ತಿಗೆ ಸರಿಯಾಗಿ ಕೂರಲಿಲ್ಲ, ಮಾತು ಕಲಿಯಲಿಲ್ಲ ಎಂದರೆ ‘ಹಣೆಯಲ್ಲಿ ಬರೆದದ್ದು’ ಎನ್ನುತ್ತಿದ್ದೆವು. ಈಗ ‘ಜೀನಿನಲ್ಲಿ ಬರೆದದ್ದು’ ಎನ್ನಲು ಕಲಿತಿದ್ದೇವೆ. ಕೈಚೆಲ್ಲಿ ಕೂರುವುದು ಮಾತ್ರ ಮೊದಲಿನಂತೆಯೇ. ಆದರೆ ಜೀನಿನಲ್ಲಿ ಬಂದ ಕೇಡನ್ನು ತಟ್ಟೆಯಲ್ಲಿ ತಡೆದ ಉದಾಹರಣೆಯೊಂದುಂಟು. ಅದನ್ನು ತಮ್ಮ ಮುಂದಿಡುತ್ತೇವೆ.

ಆ ರೋಗ ಫೆನೈಲ್‌ಕೀಟೋನೂರಿಯ. ಹೆಸರು ನಾಲಿಗೆಗೆ ಕಠಿಣ, ವಿಷಯ ಸರಳ. ಬೇಳೆ, ಹಾಲು, ಮೊಟ್ಟೆಗಳ ಪ್ರೋಟೀನು ಕರುಳಿನಲ್ಲಿ ಒಡೆದು ರಕ್ತ ಸೇರುವಾಗ ಫೆನೈಲಲನೈನ್ ಎಂಬ ಅಂಶವೂ ಸೇರುತ್ತದಷ್ಟೆ. ಅದನ್ನು ಮಾರ್ಪಡಿಸುವ ಕಿಣ್ವ ಯಕೃತ್ತಿನಲ್ಲಿದೆ. ಈ ಮಕ್ಕಳಲ್ಲಿ ಆ ಕಿಣ್ವ ಸರಿಯಾಗಿ ಕೆಲಸ ಮಾಡದು. ಅಂಶ ರಕ್ತದಲ್ಲಿ ಏರಿ ಎಳೆಯ ಮೆದುಳನ್ನು ಕೆಡಿಸುತ್ತದೆ.

ನಾರ್ವೆಯಲ್ಲಿ ಒಬ್ಬ ತಾಯಿ, ತನ್ನ ಇಬ್ಬರು ಮಕ್ಕಳ ಮೈಗೆ ಈ ವಿಚಿತ್ರ ವಾಸನೆ ಏಕೆಂದು ವೈದ್ಯರನ್ನು ಬಿಡದೆ ಕೇಳಿದಳು. 1934ರಲ್ಲಿ ಡಾ. ಫೋಲಿಂಗ್ ಆ ಮಕ್ಕಳ ಮೂತ್ರ ಪರೀಕ್ಷಿಸಿ ಕಾರಣ ಕಂಡುಹಿಡಿದರು. ಮಕ್ಕಳಿಗೆ ಮಾತ್ರ ಕಾಲ ಮಿಂಚಿತ್ತು. ಚಿಕಿತ್ಸೆಗೂ ಒಬ್ಬ ತಾಯಿಯ ಹಟವೇ ಕಾರಣ. 1950ರ ದಶಕದ ಮೊದಲಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಆಕೆ ಮಗಳಿಗಾಗಿ ಡಾ. ಬಿಕೆಲ್ ಅವರನ್ನು ದಿನವೂ ಕಾಡಿದಳು. ಅವರು ಹಾಲಿನ ಪ್ರೋಟೀನನ್ನು ಒಡೆದು, ಇದ್ದಿಲಿನಲ್ಲಿ ಸೋಸಿ, ಆ ಒಂದು ಅಂಶವನ್ನು ತೆಗೆದು ಆಹಾರ ಮಾಡಿಕೊಟ್ಟರು. ಕೆಲವು ತಿಂಗಳಲ್ಲಿ ಅಳುತ್ತ ತಲೆ ಚಚ್ಚಿಕೊಳ್ಳುತ್ತಿದ್ದ ಮಗು ಅಂಬೆಗಾಲಿಟ್ಟಿತು, ನಿಂತಿತು. ಗುಣವಾದದ್ದು ಪಥ್ಯದಿಂದಲೇ ಎಂದು ತಿಳಿಯಲು ತಾಯಿಗೆ ಹೇಳದೆ ಆ ಅಂಶವನ್ನು ಮತ್ತೆ ಬೆರೆಸಿದರು. ಕೆಲವೇ ದಿನಗಳಲ್ಲಿ ಕಲಿತದ್ದೆಲ್ಲ ಅಳಿಸಿತು. ಈ ಪರೀಕ್ಷೆ ನಮಗೆ ನಿರ್ದಯವೆನಿಸುತ್ತದೆ. ಸಂಶಯ ಹರಿದದ್ದು ಅದರಿಂದಲೇ ಎಂಬುದೂ ನಿಜ.

ಕೆಟ್ಟ ಮೆದುಳನ್ನು ಪಥ್ಯ ಪೂರ್ತಿ ಸರಿಪಡಿಸದು. ಹುಟ್ಟಿದ ಮೊದಲ ವಾರಗಳಲ್ಲೇ ಆರಂಭಿಸಿದರೆ ಮಗು ಇತರರಂತೆ ಬೆಳೆಯುತ್ತದೆ. ಅದಕ್ಕೆಂದೇ ಅಮೆರಿಕದ ಗತ್ರಿ 1960ರ ದಶಕದ ಆರಂಭದಲ್ಲಿ, ಹಿಮ್ಮಡಿಯ ಕೆಲವು ಹನಿ ರಕ್ತವನ್ನು ಕಾಗದದ ಮೇಲೆ ಒಣಗಿಸಿ ನೋಡುವ ಪರೀಕ್ಷೆ ತಂದರು. 1980ರ ದಶಕದಲ್ಲಿ ನಮ್ಮ ಕರ್ನಾಟಕದಲ್ಲಿಯೂ ಲಕ್ಷಕ್ಕೆ ಮಿಕ್ಕಿ ಶಿಶುಗಳ ರಕ್ತವನ್ನು ಇಂಥ ದೋಷಗಳಿಗಾಗಿ ಪರೀಕ್ಷಿಸಿದರು. ತಂದೆ ತಾಯಿ ಇಬ್ಬರಲ್ಲೂ ದೋಷದ ಜೀನು ಅಡಗಿದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ನಮ್ಮಲ್ಲಿ ಇಬ್ಬರಲ್ಲೂ ಒಂದೇ ದೋಷವಿರುವ ಸಂಭವ ಹೆಚ್ಚು.

ಕರುಳನ್ನು ಶುದ್ಧಿ ಮಾಡಿದರೆ ಹುಟ್ಟಿನ ದೋಷವೆಲ್ಲ ಹೋಗುವುದೆಂಬ ಜಾಹೀರಾತುಗಳನ್ನು ನಂಬಬೇಡಿ. ಈ ಅಂಶವನ್ನು ಕರುಳಿನಲ್ಲೇ ಕರಗಿಸುವ ಬ್ಯಾಕ್ಟೀರಿಯವನ್ನು ರೂಪಿಸಿ ವಿಜ್ಞಾನಿಗಳು ಪ್ರಯತ್ನಿಸಿದರು. ದೊಡ್ಡ ಪ್ರಯೋಗವೊಂದು 2024ರಲ್ಲಿ ಕೈಗೂಡದೆ ನಿಂತಿತು. ಡೌನ್ ಲಕ್ಷಣದ ಮಕ್ಕಳಿಗೆ ಮಲಬದ್ಧತೆ ಹೆಚ್ಚು. ಅದನ್ನು ನೋಡಿಕೊಂಡರೆ ಮಗುವಿಗೆ ನೆಮ್ಮದಿ, ಆದರೆ ಮೂಲದ ದೋಷ ಅಳಿಯದು.

ಹಿಮ್ಮಡಿಯ ಪರೀಕ್ಷೆಯನ್ನು ನಮ್ಮ ದೇಶದ ಎಲ್ಲ ಆಸ್ಪತ್ರೆಗಳಲ್ಲೂ ತಾನಾಗಿ ಮಾಡುವುದಿಲ್ಲ. ಊರು ಬಿಟ್ಟು ಬಂದ ನಮಗೆ ಬಾಣಂತನದ ಹೊತ್ತಿನಲ್ಲಿ ಕೇಳುವ ಹಿರಿಯರೂ ಹತ್ತಿರವಿರರು, ನಾವೇ ಕೇಳಬೇಕು. ಮಗು ಹಾಲು ಕುಡಿಯತೊಡಗಿ ಒಂದು ದಿನ ಕಳೆದ ಮೇಲೆ, ಮನೆಗೆ ಹೊರಡುವ ಮುನ್ನ, ಇದಕ್ಕೆ ತಕ್ಕ ಹೊತ್ತು. ದೋಷ ಕಂಡರೆ ವೈದ್ಯರು ತಾಯಿಹಾಲನ್ನೂ ಅಳೆದು ಕೊಡಲು ಹೇಳುತ್ತಾರೆ, ಜೊತೆಗೆ ವಿಶೇಷ ಪುಡಿ. ದೊಡ್ಡದಾದಾಗ ಸಬ್ಬಕ್ಕಿ, ಹಣ್ಣು, ತುಪ್ಪ ಆಗಬಹುದು, ಅನ್ನಕ್ಕೂ ಅಳತೆ, ತೊಗರಿಬೇಳೆ, ಮೊಸರು ವರ್ಜ್ಯ. ಅಂಥ ಮಗು ನಮ್ಮ ರಾಜ್ಯೋತ್ಸವದ ಪಂಕ್ತಿಯಲ್ಲಿ ಕುಳಿತಾಗ, ‘ಒಂದೇ ಒಂದು ಒಬ್ಬಟ್ಟು, ಏನಾಗುತ್ತದೆ’ ಎಂದು ಬಡಿಸಬೇಡಿರೆಂದು ಬೇಡುತ್ತೇವೆ. ಅದರ ಹೂರಣ ಬೇಳೆಯದು.